ಕೈಗುಣವೋ, ನೀರಿನ ಗುಣವೋ?

ಕೊಯಮತ್ತೂರಿನ ಉಕ್ಕಡಂ ಪ್ರದೇಶದಲ್ಲಿ ನೆಲೆಸಿರುವ ಹಿರಿಯ ಓದುಗರೊಬ್ಬರು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಪೂರ್ವಿಕರು ಮಗ್ಗವನ್ನು ನಂಬಿ ಕನ್ನಡ ನಾಡಿನಿಂದ ಆ ಸೀಮೆಗೆ ಇಳಿದು ಹೋದವರು. ಮನೆಯೊಳಗೆ ಇಂದಿಗೂ ಕನ್ನಡವೇ ಮಾತು. ಹೊಸ್ತಿಲು ದಾಟಿದರೆ ತಮಿಳು. ಪತ್ರದ ವಿಷಯ ಮೇಲುನೋಟಕ್ಕೆ ಅಲ್ಪವಾದದ್ದು: ಮನೆಯ ಗಾಜಿನ ತೊಟ್ಟಿಯಲ್ಲಿದ್ದ ಹನ್ನೊಂದು ಮೀನುಗಳ ಪೈಕಿ ಒಂಬತ್ತು ಒಂದೇ ರಾತ್ರಿಯಲ್ಲಿ ಸತ್ತುಹೋದವು. ಆದರೆ ಪತ್ರವನ್ನು ಕೊನೆಯವರೆಗೆ ಓದಿದಾಗ ಸತ್ತದ್ದು ಮೀನುಗಳು ಮಾತ್ರವಲ್ಲ, ಆ ಮನೆಯ ನೆಮ್ಮದಿಗೂ ಪೆಟ್ಟು ಬಿದ್ದಿದೆ ಎಂಬುದು ನಮಗೆ ತಿಳಿಯಿತು. ಆದುದರಿಂದ ಅವರ ಒಪ್ಪಿಗೆಯನ್ನು ಪಡೆದು, ಹೆಸರುಗಳನ್ನು ಬಿಟ್ಟು, ಈ ತಿಂಗಳ ಅಂಕಣವನ್ನು ಆ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ.

ನಡೆದದ್ದು ಇಷ್ಟು. ತೊಟ್ಟಿ ಸುಮಾರು ಅರವತ್ತು ಲೀಟರು ನೀರು ಹಿಡಿಯುವಂಥದು. ಎರಡು ವರ್ಷಗಳ ಹಿಂದೆ ಐದನೆಯ ತರಗತಿಯ ಮೊಮ್ಮಗನ ಹಟಕ್ಕೆ ಮಣಿದು ತಂದದ್ದು. ಹೊಂಬಣ್ಣದ ಗೋಲ್ಡ್‌ಫಿಶ್ ಮುಂತಾದವು ಒಂಬತ್ತು, ಗೌರಾಮಿ ಎರಡು. ನೀರು ಆವಿಯಾಗಿ ಇಳಿದಾಗಲೆಲ್ಲ ನಲ್ಲಿಯ ಸಿರುವಾಣಿ ನೀರನ್ನು ಸುರಿದು ಮೊದಲಿನ ಮಟ್ಟಕ್ಕೆ ತರುತ್ತಿದ್ದರು. ಹಳೆಯ ನೀರನ್ನು ತೆಗೆಯುವ ಪದ್ಧತಿ ಇರಲಿಲ್ಲ. ಹೀಗೆ ಎರಡು ವರ್ಷ ಮೀನುಗಳು ಚೆನ್ನಾಗಿಯೇ ಇದ್ದವು. ಆಯುಧಪೂಜೆಯ ಮುನ್ನಾದಿನ ಮನೆಯನ್ನೆಲ್ಲ ತೊಳೆದು ಬಳಿದ ಸೊಸೆ, ಹಬ್ಬಕ್ಕೆ ತೊಟ್ಟಿಯೂ ಚೊಕ್ಕಟವಾಗಿರಲೆಂದು ಅರ್ಧಕ್ಕೂ ಮಿಕ್ಕಿ ನೀರನ್ನು ಹೊರಕ್ಕೆ ತೆಗೆದಳು. ಅಂದು ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಕೊಳವೆಬಾವಿಯ ನೀರನ್ನು ತುಂಬಿಸಿದಳು. ಫಿಲ್ಟರಿನ ಸ್ಪಂಜನ್ನು ಬೆಳ್ಳಗಾಗುವವರೆಗೆ ಹಿಂಡಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ ಮತ್ತೆ ಇಟ್ಟಳು. ಸಂಜೆಯ ವೇಳೆಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿದವು. ಬೆಳಗಾಗುವಷ್ಟರಲ್ಲಿ ಗೌರಾಮಿಗಳೆರಡು ಹೊರತಾಗಿ ಉಳಿದವೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಹಬ್ಬದ ದಿನ ಮನೆಯಲ್ಲಿ ಸಾವು. ನೆರೆಯವರೊಬ್ಬರು, "ಮನೆಗೆ ಬರಬೇಕಾಗಿದ್ದ ಕಂಟಕವನ್ನು ಮೀನುಗಳು ಹೊತ್ತುಕೊಂಡು ಹೋದವು ಬಿಡಿ" ಎಂದು ಸಮಾಧಾನ ಹೇಳಿದರಂತೆ. ಆದರೆ ಮನೆಯ ಯಜಮಾನಿ, "ಇವಳ ಕೈಗುಣವೇ ಸರಿಯಿಲ್ಲ" ಎಂದುಬಿಟ್ಟರು. ಮೊಮ್ಮಗ ಎರಡು ದಿನ ಊಟ ಬಿಟ್ಟ. "ಮೇಷ್ಟ್ರೇ, ಹುಡುಗ ಈಗ ಸುಧಾರಿಸಿಕೊಂಡಿದ್ದಾನೆ. ಆದರೆ ಸೊಸೆ ಮನೆಯ ಯಾವ ಹೊಸ ಕೆಲಸಕ್ಕೂ ಕೈ ಹಾಕುತ್ತಿಲ್ಲ. ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲ. ಕೈಗುಣ ಎಂಬುದೊಂದು ಇದೆಯೇ?" ಎಂಬುದು ಹಿರಿಯರ ಪ್ರಶ್ನೆ.

ಉತ್ತರ ಹೇಳುವ ಮುನ್ನ ಒಂದು ಮಾತು. ಕಾರಣ ಬೇರೆ, ದೋಷ ಬೇರೆ. ಒಂದು ಘಟನೆಯ ಬೆನ್ನಿಗೇ ಇನ್ನೊಂದು ನಡೆದರೆ, ಮೊದಲನೆಯದನ್ನು ಮಾಡಿದವರ ತಲೆಗೆ ಎರಡನೆಯದನ್ನು ಕಟ್ಟುವುದು ಮನುಷ್ಯಸ್ವಭಾವ. ಆದರೆ ಶಾಲೆಯಲ್ಲಿ ನಾವು ಮಕ್ಕಳಿಗೆ ಕಲಿಸುವ ವಿಜ್ಞಾನದ ಮೊದಲ ಪಾಠವೇ, ಕಂಡದ್ದನ್ನೆಲ್ಲ ಬರೆದುಕೊಂಡು, ಯಾವುದು ಯಾವುದರಿಂದ ಆಯಿತೆಂಬುದನ್ನು ಒಂದೊಂದಾಗಿ ಸೋಸಿ ನೋಡಬೇಕು ಎಂಬುದು. ಮೀನಿನ ತೊಟ್ಟಿಗೂ ಅದೇ ಪಾಠ ಸಲ್ಲುತ್ತದೆ.

ಮೀನುಗಳು ಸತ್ತಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಒಂದೊಂದಾಗಿ ಸತ್ತವೋ, ಒಟ್ಟಿಗೇ ಸತ್ತವೋ? ದಿನದ ಯಾವ ಹೊತ್ತಿನಲ್ಲಿ ಸತ್ತವು? ಮೊದಲು ಹೋದವು ದೊಡ್ಡವೋ, ಚಿಕ್ಕವೋ? ಹಿಂದಿನ ಎರಡು ಮೂರು ದಿನಗಳಲ್ಲಿ ತೊಟ್ಟಿಗಾಗಲಿ ಆ ಕೋಣೆಗಾಗಲಿ ಹೊಸದಾಗಿ ಏನು ಮಾಡಲಾಯಿತು? ವಾರಗಟ್ಟಲೆ ಒಂದೊಂದಾಗಿ ಸಾಯುತ್ತಿದ್ದರೆ ರೋಗವನ್ನು ಶಂಕಿಸಬೇಕು. ಬಿಳಿಯ ಚುಕ್ಕೆ, ಕೊಳೆತ ಈಜುರೆಕ್ಕೆ, ಮೈಮೇಲೆ ಹತ್ತಿಯಂತಹ ಬೂಷ್ಟು ಇವೆಯೇ ಎಂದು ನೋಡಬೇಕು. ಒಂದೇ ರಾತ್ರಿಯಲ್ಲಿ ಬಗೆಬಗೆಯ ಮೀನುಗಳು ಒಟ್ಟಿಗೇ ಸತ್ತರೆ ಅದು ಬಹುಮಟ್ಟಿಗೆ ರೋಗವಲ್ಲ, ನೀರಿನ ವಿಷಯ.

ನೀರಿನ ವಿಷಯದಲ್ಲಿ ಮೊದಲನೆಯ ಶಂಕೆ ಆಮ್ಲಜನಕದ ಮೇಲೆ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಉಷ್ಣತೆಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಿಲಿಗ್ರಾಂ ಮಾತ್ರ. ಹಗಲಿನಲ್ಲಿ ಆಮ್ಲಜನಕವನ್ನು ಕೊಡುವ ಜಲಸಸ್ಯಗಳೂ ಪಾಚಿಯೂ ರಾತ್ರಿಯಲ್ಲಿ ಅದನ್ನೇ ಉಸಿರಾಡಿ ಕಳೆಯುತ್ತವೆ. ಆದುದರಿಂದ ಉಸಿರುಗಟ್ಟಿ ಸಾಯುವ ಮೀನುಗಳು ಸಾಮಾನ್ಯವಾಗಿ ನಸುಕಿನಲ್ಲಿ ಸಾಯುತ್ತವೆ. ಹೆಚ್ಚು ಉಸಿರು ಬೇಕಾದ ದೊಡ್ಡ ಮೀನುಗಳು ಮೊದಲು ಹೋಗುತ್ತವೆ. 2012ರ ಸುಮಾರಿಗೆ ತಮಿಳುನಾಡಿನಲ್ಲಿ ವಿದ್ಯುತ್ತಿನ ಅಭಾವ ತೀವ್ರವಾಗಿದ್ದಾಗ, ಗಾಳಿಯ ಪಂಪು ಗಂಟೆಗಟ್ಟಲೆ ನಿಂತು ಇಂಥ ಸಾವುಗಳಿಗೆ ಎಡೆಯಾದ ಮನೆಗಳಿದ್ದುವು. ಆದರೆ ಈ ಮನೆಯಲ್ಲಿ ಆ ರಾತ್ರಿ ವಿದ್ಯುತ್ತು ಹೋಗಿರಲಿಲ್ಲ, ಪಂಪು ನಿಂತಿರಲಿಲ್ಲ. ಮೀನುಗಳು ಬಾಯಿ ತೆರೆಯಲಾರಂಭಿಸಿದ್ದು ನಸುಕಿನಲ್ಲಲ್ಲ, ಸಂಜೆಯಲ್ಲಿ. ಗಾಳಿ ಇದ್ದೂ ಉಸಿರಿಗೆ ಒದ್ದಾಡಿದವೆಂದರೆ, ಕೊರತೆ ನೀರಿನ ಆಮ್ಲಜನಕದಲ್ಲಿರಲಿಲ್ಲ. ಅದನ್ನು ಹೀರಬೇಕಾದ ಕಿವಿರುಗಳಿಗೇ ಏನೋ ಆಗಿತ್ತೆಂದು ಅರ್ಥ.

ಎರಡನೆಯ ಶಂಕೆ ವಿಷದ ಮೇಲೆ. ಮನೆಯೊಳಗಿನ ವಿಷಗಳು ನಾವೆಣಿಸಿದ್ದಕ್ಕಿಂತ ಹೆಚ್ಚು. ಸೊಳ್ಳೆಬತ್ತಿ, ಸೊಳ್ಳೆ ಓಡಿಸುವ ದ್ರವ, ಜಿರಳೆಗೆ ಹೊಡೆಯುವ ಸಿಂಪರಣೆ ಇವುಗಳಲ್ಲಿರುವ ಪೈರೆಥ್ರಾಯ್ಡ್ ವರ್ಗದ ರಾಸಾಯನಿಕಗಳು ಮನುಷ್ಯನಿಗೆ ಅಷ್ಟಾಗಿ ತಾಗದಿದ್ದರೂ ಮೀನುಗಳಿಗೆ ಅತ್ಯಂತ ಘಾತಕ. ಗಾಳಿಯ ಪಂಪು ಕೋಣೆಯ ಗಾಳಿಯನ್ನೇ ಹೀರಿ ನೀರಿಗೆ ಊದುವುದರಿಂದ, ತೊಟ್ಟಿಗೆ ಮುಚ್ಚಳವಿದ್ದರೂ ವಿಷ ಒಳಕ್ಕೆ ಹೋಗಬಲ್ಲದು. ಸಾಬೂನಿನ ಕೈಯನ್ನು ಅದ್ದುವುದು, ಹತ್ತಿರದಲ್ಲಿ ಬಣ್ಣ ಬಳಿಯುವುದು, ತಾಮ್ರದ ಪಾತ್ರೆಯಲ್ಲಿ ದಿನಗಟ್ಟಲೆ ನಿಂತ ನೀರನ್ನು ಸುರಿಯುವುದು ಇವೂ ಅಪಾಯಕರ. ಇನ್ನು ಕ್ಲೋರಿನ್. ಕುಡಿಯುವ ನೀರು ಮನೆಯ ನಲ್ಲಿಗೆ ತಲಪುವಾಗ ಅದರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ನಮ್ಮ ದೇಶದ ನಿಯಮ. ನಮ್ಮ ಆರೋಗ್ಯಕ್ಕೆ ಅದು ಕಾವಲು. ಮೀನಿನ ಕಿವಿರಿಗಾದರೋ ಅದರ ಅರ್ಧದಷ್ಟೂ ಹೆಚ್ಚೇ. ಆದುದರಿಂದ ನಲ್ಲಿಯ ನೀರನ್ನು ಅಗಲಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಬಳಸಬೇಕು. ಆದರೆ ಪ್ರಕೃತ ಪ್ರಸಂಗದಲ್ಲಿ ಸೊಸೆ ಬಳಸಿದ್ದು ಮನೆಯ ಕೊಳವೆಬಾವಿಯ ನೀರನ್ನು. ಅದಕ್ಕೆ ಕ್ಲೋರಿನ್ ಬೆರೆಸಿರಲಿಲ್ಲ. ಸಾಬೂನನ್ನು ಮುಟ್ಟಲಿಲ್ಲವೆಂದೂ, ಔಷಧಿ ಸಿಂಪಡಿಸಿರಲಿಲ್ಲವೆಂದೂ ಹಿರಿಯರು ನಮ್ಮ ಮರುಪತ್ರಕ್ಕೆ ಉತ್ತರಿಸಿದ್ದಾರೆ. ಹಾಗಾಗಿ ಈ ಶಂಕೆಯನ್ನೂ ಬದಿಗಿರಿಸಬಹುದು.

ಉಳಿದದ್ದು ಮೂರನೆಯದು. ಅದು ಕಣ್ಣಿಗೆ ಕಾಣದು, ಮೂಗಿಗೂ ಸುಲಭವಾಗಿ ತಿಳಿಯದು. ಅದನ್ನು ತಿಳಿಯಲು ತೊಟ್ಟಿಯೊಳಗಿನ ಸಂಸಾರವನ್ನು ಸ್ವಲ್ಪ ಅರಿತುಕೊಳ್ಳಬೇಕು.

ಮೀನು ತಿಂದ ಆಹಾರದ ಸಾರಜನಕ ಬಹುಪಾಲು ಅಮೋನಿಯಾ ರೂಪದಲ್ಲಿ ಕಿವಿರಿನ ಮೂಲಕವೇ ಹೊರಬೀಳುತ್ತದೆ. ತಿನ್ನದೆ ಉಳಿದ ಕಾಳೂ ಕೊಳೆತ ಎಲೆಯೂ ಅಮೋನಿಯಾವನ್ನೇ ಕೊಡುತ್ತವೆ. ಹೊಳೆಯಲ್ಲಾದರೆ ಹರಿವು ಅದನ್ನು ಒಯ್ಯುತ್ತದೆ. ತೊಟ್ಟಿಯಲ್ಲಿ ಒಯ್ಯುವವರಾರು? ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲುಹರಳುಗಳ ಮೇಲೆ ನೆಲೆಸುವ ಸೂಕ್ಷ್ಮಜೀವಿಗಳು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟಾಗಿ ಹಾನಿಯಿಲ್ಲದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಎರಡನೆಯ ಕೆಲಸವನ್ನು ನೈಟ್ರೊಬ್ಯಾಕ್ಟರ್ ಮಾಡುತ್ತದೆಂದು ಬಹುಕಾಲ ಪುಸ್ತಕಗಳು ಹೇಳುತ್ತಿದ್ದುವು. ಸಿಹಿನೀರಿನ ತೊಟ್ಟಿಗಳಲ್ಲಿ ಅದನ್ನು ಮುಖ್ಯವಾಗಿ ಮಾಡುವುದು ನೈಟ್ರೊಸ್ಪೈರ ಜಾತಿಯವೆಂದು 1998ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಈ ಜೀವಿಗಳು ತಕ್ಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಯನ್ನು ಕೊಂಡ ದಿನವೇ ಹತ್ತು ಹನ್ನೆರಡು ಮೀನುಗಳನ್ನು ಬಿಟ್ಟವರು ಎರಡನೆಯ ವಾರದಲ್ಲಿ ಅವನ್ನು ಕಳೆದುಕೊಳ್ಳುವುದು ಇದರಿಂದಲೇ. ಪಾತ್ರೆ ತೊಳೆಯುವವರು ಬರುವ ಮುನ್ನವೇ ಮದುವೆಯ ಊಟಕ್ಕೆ ಎಲೆ ಹಾಕಿದಂತೆ.

ಹೊಸ ತೊಟ್ಟಿಗೆ ಈ ತೊಂದರೆಯಾದರೆ, ಹಳೆಯ ತೊಟ್ಟಿಗೆ ಇನ್ನೊಂದು. ಅಮೋನಿಯಾವನ್ನು ನೈಟ್ರೇಟ್ ಮಾಡುವ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ನೀರಿನಲ್ಲಿರುವ ಸುಣ್ಣದ ಸತ್ವ ಆ ಆಮ್ಲವನ್ನು ನುಂಗಿ ಸಮತೋಲ ಕಾಯುತ್ತದೆ. ಅಮೋನಿಯಾದಲ್ಲಿರುವ ಪ್ರತಿ 1 ಮಿಲಿಗ್ರಾಂ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಸುಣ್ಣಸತ್ವ ವೆಚ್ಚವಾಗುತ್ತದೆ. ಸಿರುವಾಣಿಯ ನೀರು ಬರುವುದು ಪಾಲಕ್ಕಾಡು ಜಿಲ್ಲೆಯ ಪಶ್ಚಿಮಘಟ್ಟದ ಕಾಡಿನಿಂದ. ಮಳೆಯ ನೀರು ಬಂಡೆಗಳ ಮೇಲೆ ಹರಿದು ಅಣೆಕಟ್ಟಿಗೆ ಸೇರಿ ಕೊಯಮತ್ತೂರಿಗೆ ಇಳಿಯುತ್ತದೆ. ಅದರ ರುಚಿಯನ್ನು ಆ ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದು ತೀರ ಮೆದು ನೀರು. ಎಂದರೆ ಅದರಲ್ಲಿ ಸುಣ್ಣದ ಸತ್ವ ಬಹಳ ಕಡಿಮೆ. ನಾಲಿಗೆಗೆ ಹಿತವಾದ ಆ ಗುಣವೇ, ಎರಡು ವರ್ಷ ಬದಲಿಸದೆ ಇಟ್ಟ ತೊಟ್ಟಿಯಲ್ಲಿ ಕೊರತೆಯಾಗಿ ಪರಿಣಮಿಸಿತು. ಇದ್ದ ಅಲ್ಪ ಸತ್ವವೂ ತೀರಿ ನೀರು ಮೆಲ್ಲಮೆಲ್ಲನೆ ಹುಳಿಯಾಯಿತು.

ನೀರು ಹುಳಿಯಾದಂತೆ ಎರಡು ಬದಲಾವಣೆಗಳಾಗುತ್ತವೆ. ಒಂದು: ಪಿಎಚ್ ಅಂಕ 6ರ ಸುತ್ತಿಗೆ ಇಳಿದಾಗ ಆ ಸೂಕ್ಷ್ಮಜೀವಿಗಳ ಕೆಲಸ ಬಹುಮಟ್ಟಿಗೆ ನಿಂತುಹೋಗಿ, ಅಮೋನಿಯಾ ಸಂಗ್ರಹವಾಗತೊಡಗುತ್ತದೆ. ಎರಡು: ಹುಳಿ ನೀರಿನಲ್ಲಿ ಆ ಅಮೋನಿಯಾ ಅಮೋನಿಯಂ ಎಂಬ ನಿರಪಾಯ ರೂಪದಲ್ಲಿ ಅಡಗಿ ಕುಳಿತಿರುತ್ತದೆ. ಲೆಕ್ಕವನ್ನು ನೋಡಿ. 25 ಡಿಗ್ರಿ ಉಷ್ಣತೆಯಲ್ಲಿ, ಪಿಎಚ್ 6 ಇದ್ದರೆ ಒಟ್ಟು ಅಮೋನಿಯಾದ ಸಾವಿರ ಪಾಲಿನಲ್ಲಿ ವಿಷರೂಪದಲ್ಲಿರುವುದು ಅರ್ಧ ಪಾಲಿಗಿಂತ ತುಸು ಹೆಚ್ಚು. ಪಿಎಚ್ 7 ಆದರೆ ಸುಮಾರು 6 ಪಾಲು. ಪಿಎಚ್ 8 ಆದರೆ ಸುಮಾರು 54 ಪಾಲು. ಎಂದರೆ ನೀರು 6ರಿಂದ 8ಕ್ಕೆ ಏರಿದೊಡನೆ, ಒಂದು ತೊಟ್ಟು ಅಮೋನಿಯಾವನ್ನೂ ಹೊಸದಾಗಿ ಹಾಕದಿದ್ದರೂ, ವಿಷ ನೂರುಪಟ್ಟಿನ ಸಮೀಪಕ್ಕೆ ಹೋಗುತ್ತದೆ. ಅರ್ಧ ನೀರನ್ನು ತೆಗೆದು ಚೆಲ್ಲಿದ್ದರೂ ಉಳಿದರ್ಧದಲ್ಲಿ ಅದು ಮೊದಲಿನ ಐವತ್ತು ಪಟ್ಟಿನ ಸಮೀಪದಲ್ಲಿರುತ್ತದೆ. ಅದು ಮೊದಲು ಸುಡುವುದು ಕಿವಿರನ್ನು.

ಈಗ ಪತ್ರದ ಸಂಗತಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಆ ಪ್ರದೇಶದ ಕೊಳವೆಬಾವಿಯ ನೀರು ಗಡಸು. ಸ್ನಾನದ ಕೊಡದ ಒಳಮೈಯಲ್ಲಿ ಬಿಳಿಯ ಪದರ ಕಟ್ಟುತ್ತದೆಂದು ಹಿರಿಯರೇ ಬರೆದಿದ್ದಾರೆ. ಹೊರತೆಗೆದ ಹಳೆಯ ನೀರನ್ನು ಸೊಸೆ ಚೆಲ್ಲದೆ ಮಲ್ಲಿಗೆಯ ಗಿಡಗಳಿಗೆಂದು ಡ್ರಮ್ಮೊಂದರಲ್ಲಿ ಮುಚ್ಚಿಟ್ಟಿದ್ದಳು. ಅದರ ತಳದಲ್ಲಿ ಸ್ವಲ್ಪ ಉಳಿದಿತ್ತು. ನಮ್ಮ ಶಾಲೆಯ ಪ್ರಯೋಗಕ್ಕೆಂದು ಇಟ್ಟುಕೊಂಡಿದ್ದ ಪಿಎಚ್ ಕಾಗದದ ಕೆಲವು ತುಂಡುಗಳನ್ನೂ, ಅದರ ಬಣ್ಣದ ಪಟ್ಟಿಯನ್ನೂ ಅಂಚೆಯಲ್ಲಿ ಕಳುಹಿಸಿದೆವು. ಪರೀಕ್ಷೆಯನ್ನು ಮೊಮ್ಮಗನೇ ಮಾಡಲೆಂದು ಸೂಚಿಸಿದೆವು. ಅವನು ಒದ್ದೆಯಾದ ಕಾಗದಗಳನ್ನು ನೋಡಿ ಬರೆದುಕೊಂಡದ್ದು ಹೀಗೆ: ನಲ್ಲಿಯ ನೀರು ಹಸಿರು, ಕೊಳವೆಬಾವಿಯ ನೀರು ನೀಲಿ ಬೆರೆತ ಹಸಿರು, ಡ್ರಮ್ಮಿನ ಹಳೆಯ ನೀರು ಹಳದಿ. ಹಳದಿ ಎಂದರೆ ಆಮ್ಲ. ನಮ್ಮ ಊಹೆಗೆ ಇಷ್ಟು ಆಧಾರ ಸಾಕಾಗಿತ್ತು.

ಆದರೂ ಇನ್ನೆರಡು ಸಾಕ್ಷಿಗಳಿವೆ. ಬದುಕುಳಿದದ್ದು ಗೌರಾಮಿಗಳು. ಅವುಗಳ ತಲೆಯಲ್ಲಿ ಕಿವಿರಿನ ಮೇಲುಗಡೆ ಒಂದು ವಿಶೇಷ ಅಂಗವಿದ್ದು, ನೀರಿನ ಮೇಲಿನ ಗಾಳಿಯನ್ನು ನೇರವಾಗಿ ನುಂಗಿ ಉಸಿರಾಡಬಲ್ಲವು. ಕಿವಿರು ಕೆಟ್ಟರೂ ಅವು ಕೆಲಕಾಲ ತಾಳುತ್ತವೆ, ಗೋಲ್ಡ್‌ಫಿಶ್ ತಾಳದು. ಪೆಟ್ಟು ಬಿದ್ದದ್ದು ಕಿವಿರಿಗೇ ಎಂಬುದಕ್ಕೆ ಇದು ಪುಷ್ಟಿ ಕೊಡುತ್ತದೆ.

ಮತ್ತೊಂದು ಸಾಕ್ಷಿ ಇನ್ನೂ ಮುಖ್ಯವಾದದ್ದು. ಪತ್ರದ ಅಂಚಿನಲ್ಲಿ ಹಿರಿಯರು ಬೇರೇನನ್ನೋ ಹೇಳುತ್ತಾ ಒಂದು ಸಂಗತಿಯನ್ನು ಬರೆದಿದ್ದರು. ಹಬ್ಬಕ್ಕೆ ಎರಡು ತಿಂಗಳ ಮೊದಲು ಅಂಗಡಿಯಿಂದ ಎರಡು ಹೊಸ ಮೀನುಗಳನ್ನು ತಂದು ಬಿಟ್ಟರಂತೆ. ಒಂದು ದಿನವೂ ಬದುಕಲಿಲ್ಲವಂತೆ. ರೋಗದ ಮೀನನ್ನು ಮಾರಿದನೆಂದು ಅಂಗಡಿಯವನನ್ನು ಬೈದು ಬಂದರಂತೆ. ಆಗ ತೊಟ್ಟಿಯ ಹಳೆಯ ಹನ್ನೊಂದಕ್ಕೂ ಏನೂ ಆಗಲಿಲ್ಲ. ರೋಗವಾಗಿದ್ದರೆ ಹಳೆಯವಕ್ಕೂ ಅಂಟಬೇಕಿತ್ತು. ಮೆಲ್ಲನೆ ಹುಳಿಯಾದ ನೀರಿಗೆ ಹಳೆಯ ಮೀನುಗಳು ತಿಂಗಳುಗಟ್ಟಲೆ ಹೊಂದಿಕೊಂಡು ಬಂದಿದ್ದವು. ಹೊಸವು ಒಮ್ಮೆಲೇ ಆ ನೀರಿಗೆ ಬಿದ್ದು ತತ್ತರಿಸಿದವು. ಎಂದರೆ ತೊಟ್ಟಿ ಆಗಲೇ ಕೆಟ್ಟಿತ್ತು. ಮರುಪತ್ರದಲ್ಲಿ ನಾವು ಕೇಳಿದ ಕೊನೆಯ ಪ್ರಶ್ನೆ, ಅಂದು ತೊಟ್ಟಿಯನ್ನು ಮುಟ್ಟಿದವರು ಯಾರು ಎಂಬುದು. ಬಂದ ಉತ್ತರ: "ಮೀನು ತಂದವನು ನಾನು, ಬಿಟ್ಟವನು ಮೊಮ್ಮಗ. ಸೊಸೆ ಅಂದು ಊರಿನಲ್ಲಿರಲಿಲ್ಲ, ಆಡಿಯ ತಿಂಗಳಿಗೆ ತವರಿಗೆ ಹೋಗಿದ್ದಳು."

ಆದುದರಿಂದ ಮನೆಯ ಯಜಮಾನಿಯವರಲ್ಲಿ ನಮ್ಮ ವಿನಂತಿ ಇಷ್ಟೆ. ತಾಯಿ, ಮೀನುಗಳ ಸಾವಿಗೆ ನೀರನ್ನು ಬದಲಿಸಿದ್ದು ಕಡೆಯ ನೆಪವಾಯಿತೆಂಬುದು ನಿಜ. ಆದರೆ ಸಾವನ್ನು ಕೂಡಿಹಾಕಿದ್ದು ಬದಲಿಸದೆ ಬಿಟ್ಟ ಎರಡು ವರ್ಷಗಳು. ಆ ಎರಡು ವರ್ಷಗಳಲ್ಲಿ ತೊಟ್ಟಿಯ ಮುಂದೆ ಕುಳಿತು ಸಂತೋಷಪಟ್ಟವರು ಮನೆಮಂದಿಯೆಲ್ಲರೂ. ಅದನ್ನು ತೊಳೆಯಬೇಕೆಂದು ಎದ್ದವಳು ಒಬ್ಬಳೇ. ಚೊಕ್ಕಟವಾಗಲಿ ಎಂದು ಸ್ಪಂಜನ್ನು ಬಿಸಿಲಿಗಿಟ್ಟಾಗ ಅದರೊಳಗಿನ ಉಪಕಾರಿ ಜೀವಿಗಳು ಒಣಗಿ ಸತ್ತುವು. ಅದನ್ನು ಆಕೆಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಹಳೆಯ ನೀರನ್ನೂ ಪೋಲು ಮಾಡದೆ ಮಲ್ಲಿಗೆಗೆ ಎತ್ತಿಟ್ಟ ಕೈಗೆ ಯಾವ ಕೆಟ್ಟ ಗುಣವೂ ಇಲ್ಲ. ಆ ಡ್ರಮ್ಮು ಇಲ್ಲದಿದ್ದರೆ ನಿಜವಾದ ಕಾರಣ ನಮಗಾರಿಗೂ ಗೊತ್ತಾಗುತ್ತಿರಲಿಲ್ಲ. ಕೈಗುಣವೆಂಬ ಮಾತನ್ನು ನಮ್ಮ ಹಿರಿಯರು ವೈದ್ಯನನ್ನೂ ಅಡುಗೆಯವರನ್ನೂ ಮೆಚ್ಚಲು ಬಳಸಿದರು. ಮೆಚ್ಚುವುದಕ್ಕಷ್ಟೇ ಅದು ಉಳಿಯಲಿ. ಅಂಗಡಿಯವರಿಗೂ ಒಂದು ಒಳ್ಳೆಯ ಮಾತು ಸಲ್ಲಬೇಕಾಗಿದೆ.

ಇನ್ನು ತೊಟ್ಟಿಯುಳ್ಳ ಎಲ್ಲ ಮನೆಗಳಿಗೂ ಅನ್ವಯಿಸುವ ಕೆಲವು ಕ್ರಮಗಳು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗದಷ್ಟು ನೀರನ್ನು ಬದಲಿಸತಕ್ಕದ್ದು; ಒಮ್ಮೆಗೇ ಹೆಚ್ಚು ಬೇಡ. ಹೊಸ ನೀರು ಹಳೆಯದರಷ್ಟೇ ಬೆಚ್ಚಗಿರಲಿ, ಸಾಧ್ಯವಾದಷ್ಟು ಅದೇ ಮೂಲದ್ದಾಗಿರಲಿ. ಬಹುಕಾಲ ಬದಲಿಸದ ತೊಟ್ಟಿಯಾದರೆ ಹತ್ತನೆಯ ಒಂದು ಭಾಗದಿಂದ ಆರಂಭಿಸಿ, ದಿನ ಬಿಟ್ಟು ದಿನ ಹಾಗೆಯೇ ಮಾಡುತ್ತ ಎರಡು ಮೂರು ವಾರಗಳಲ್ಲಿ ಸರಿದಾರಿಗೆ ತರಬೇಕು. ಮೆದು ನೀರಿನ ಊರುಗಳವರು ಸ್ವಲ್ಪ ಕಪ್ಪೆಚಿಪ್ಪಿನ ಚೂರನ್ನು ಚೆನ್ನಾಗಿ ತೊಳೆದು ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಟ್ಟರೆ, ಅದು ಮೆಲ್ಲನೆ ಕರಗುತ್ತ ನೀರು ಹುಳಿಯಾಗದಂತೆ ತಡೆಯುತ್ತದೆ. ಆದರೆ ಈಗಾಗಲೇ ಹುಳಿಯಾದ ತೊಟ್ಟಿಗೆ ಮೊದಲು ನೀರು ಬದಲಿಸಿ, ಆಮೇಲೆ ಚಿಪ್ಪು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಮೆಲ್ಲಗೆ ಅದ್ದಿ ಹಿಂಡಿದರೆ ಸಾಕು. ಅದು ಬೆಳ್ಳಗಾಗಬೇಕಿಲ್ಲ. ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರವನ್ನು ಹಾಕಬೇಕು.

ಚೆನ್ನೈನ ಕೊಳತ್ತೂರಿನಂತಹ ದೂರದ ಕೇಂದ್ರಗಳಿಂದ ಆಮ್ಲಜನಕ ತುಂಬಿದ ಚೀಲಗಳಲ್ಲಿ ಬರುವ ಮೀನುಗಳ ವಿಷಯದಲ್ಲಿಯೂ ಈ ಅಮೋನಿಯಾದ ಆಟವೇ ನಡೆಯುತ್ತದೆ. ಕಟ್ಟಿದ ಚೀಲದಲ್ಲಿ ಮೀನಿನ ಉಸಿರಿನ ಇಂಗಾಲಾಮ್ಲ ಸೇರಿ ನೀರು ಹುಳಿಯಾಗಿರುತ್ತದೆ, ಅಮೋನಿಯಾ ಅಡಗಿರುತ್ತದೆ. ಚೀಲವನ್ನು ಬಿಚ್ಚಿದೊಡನೆ ಆ ಅನಿಲ ಹೊರಟುಹೋಗಿ ವಿಷ ಎಚ್ಚರಗೊಳ್ಳುತ್ತದೆ. ಆದುದರಿಂದ ಕಟ್ಟಿದ ಚೀಲವನ್ನೇ ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು ಉಷ್ಣತೆಯನ್ನು ಸರಿಮಾಡಿ, ಬಿಚ್ಚಿದ ಮೇಲೆ ತಡಮಾಡದೆ ಮೀನನ್ನು ಮಾತ್ರ ಬಲೆಯಿಂದ ಎತ್ತಿ ತೊಟ್ಟಿಗೆ ಬಿಡಬೇಕು. ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು. ವಿದ್ಯುತ್ತು ಬಹಳ ಹೊತ್ತು ಹೋದಾಗ ಆಹಾರ ಹಾಕದೆ, ಆಗಾಗ ಒಂದು ಚೊಂಬಿನಿಂದ ತೊಟ್ಟಿಯ ನೀರನ್ನೇ ಮೊಗೆದು ಒಂದು ಗೇಣು ಎತ್ತರದಿಂದ ಸುರಿಯುತ್ತಿದ್ದರೆ ಮೀನುಗಳ ಪ್ರಾಣ ಉಳಿಯುತ್ತದೆ.

ಗಾಜಿನ ತೊಟ್ಟಿಯಲ್ಲಿ ಮೀನನ್ನು ಸಾಕುವ ವಿದ್ಯೆ ಹುಟ್ಟಿದ್ದೇ ಈ ಸಮತೋಲವನ್ನು ಅರಿತವರಿಂದ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಎರಡು ಗೋಲ್ಡ್‌ಫಿಶ್, ಒಂದು ಜಲಸಸ್ಯ, ಕೆಲವು ಬಸವನಹುಳು ಇವನ್ನು ಒಂದೇ ತೊಟ್ಟಿಯಲ್ಲಿಟ್ಟು, ಒಂದರ ಕಸ ಇನ್ನೊಂದರ ಆಹಾರವಾಗುವುದನ್ನು ತೋರಿಸಿದರು. ಮೊದಲು ಬಸವನಹುಳುಗಳಿರಲಿಲ್ಲ, ಸಸ್ಯದ ಎಲೆ ಕೊಳೆತು ನೀರು ಕೆಟ್ಟಿತು. ಕೊಳೆತದ್ದನ್ನು ತಿನ್ನುವವರು ಬಂದ ಮೇಲೆ ನೀರು ತಿಳಿಯಾಯಿತು. ನಾಲ್ಕು ವರ್ಷಗಳ ತರುವಾಯ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಹೆಸರು ಮನೆಮಾತಾಯಿತು.

ಅರವತ್ತು ಲೀಟರಿನ ತೊಟ್ಟಿಯಲ್ಲಿ ನಡೆದದ್ದೇ ಮುನ್ನೂರು ಎಕರೆಯ ಕೆರೆಯಲ್ಲಿಯೂ ನಡೆಯುತ್ತದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್ ತಿಂಗಳಿನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ಓದುಗರು ಮರೆತಿರಲಾರರು. ಕೊಳಚೆ ಸೇರಿ, ಬೇಸಗೆಯಲ್ಲಿ ನೀರು ಕಾದು, ಆಮ್ಲಜನಕ ಇಳಿದರೆ ಯಾವ ಕೆರೆಯ ಗತಿಯೂ ಅದೇ. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ನೀರು ನೊಯ್ಯಲ್ ನದಿಯನ್ನು ಕೆಡಿಸಿ, ಕೆಳಗಣ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ನಿಂತು ರೈತರ ಹೊಲಗಳನ್ನು ಹಾಳುಮಾಡಿದ್ದರಿಂದ, 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಆ ಕಾರ್ಖಾನೆಗಳನ್ನು ಮುಚ್ಚುವಂತೆ ಆಜ್ಞೆ ಮಾಡಬೇಕಾಯಿತು. ಅದೇ ನೊಯ್ಯಲಿನ ಕಾಲುವೆಗಳಿಂದ ತುಂಬುವುದು ಉಕ್ಕಡಂ ಪೆರಿಯಕುಳಂ. ಆ ಕೆರೆಯ ಹೂಳನ್ನು 2013ರಲ್ಲಿ ನಗರದ ನಾಗರಿಕರು ಕೈಜೋಡಿಸಿ ತೆಗೆದರು. ದಕ್ಷಿಣ ಕನ್ನಡದ ಶಿಶಿಲದಲ್ಲಿ, ಶಿಶಿಲೇಶ್ವರ ದೇವಾಲಯದ ಬಳಿ ಕಪಿಲಾ ನದಿಯ ಮೀನುಗಳನ್ನು ಜನ ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದಿದ್ದಾರೆ. 1996ರಲ್ಲಿ ದುಷ್ಕರ್ಮಿಗಳು ಅಲ್ಲಿ ವಿಷ ಬೆರೆಸಿ ಸಹಸ್ರಾರು ಮೀನುಗಳನ್ನು ಕೊಂದಾಗ, ಊರಿನವರು ಅವುಗಳ ನೆನಪಿಗೆ ಸ್ಮಾರಕವನ್ನೇ ಕಟ್ಟಿದರು. ಮೀನಿಗಾಗಿ ಅತ್ತ ಮಗುವನ್ನು ಹುಚ್ಚನೆಂದು ನಗುವವರು ಇದನ್ನು ತಿಳಿದಿರಬೇಕು.

ಉಕ್ಕಡವೆಂಬ ಮಾತಿಗೆ ನಮ್ಮ ಹಳೆಯ ಕನ್ನಡದಲ್ಲಿ ಕಾವಲು, ಪಹರೆ ಎಂಬ ಅರ್ಥವುಂಟು. ಆ ಊರಿನ ಹೆಸರಿನ ಮೂಲ ಏನೇ ಇರಲಿ, ನೀರನ್ನು ಸಾಕುವವರಿಗೆ ಬೇಕಾದದ್ದು ಅದೇ ಕಾವಲು. ಪಿಎಚ್ ಕಾಗದ ಬಹಳ ಬೆಲೆಯ ವಸ್ತುವಲ್ಲ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ದೊರೆಯುತ್ತದೆ. ತೊಟ್ಟಿಯ ಪಕ್ಕದಲ್ಲಿ ಮಕ್ಕಳ ಕೈಯಿಂದ ಒಂದು ನೋಟುಪುಸ್ತಕವನ್ನು ಇರಿಸಿರಿ. ತಾರೀಖು, ಎಷ್ಟು ಚೊಂಬು ನೀರು ಬದಲಾಯಿತು, ಯಾವ ನೀರು, ಕಾಗದದ ಬಣ್ಣ ಯಾವುದು, ಹೊಸ ಮೀನು ಬಂದಿತೇ, ಈ ಐದು ಸಂಗತಿಗಳನ್ನು ವಾರಕ್ಕೊಮ್ಮೆ ಬರೆದರೆ ಸಾಕು. ಮುಂದೆ ಎಂದಾದರೂ ಮೀನು ಸತ್ತರೆ, ಯಾರ ಮುಖವನ್ನೂ ನೋಡದೆ ಮೊದಲು ಆ ಪುಸ್ತಕವನ್ನು ತೆರೆಯಿರಿ.